ವಯಸ್ಸಾದವರಿಗೆ ಹೃದಯದ ಸ್ಟ್ರೆಸ್ ಸ್ಕ್ಯಾನ್ ಎಷ್ಟು ಸುರಕ್ಷಿತ? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯ ಒಂದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ತಂತ್ರಜ್ಞೆ. ನನಗೆ ಕನ್ನಡ ಬರುತ್ತದೆ ಎಂದು ಗೊತ್ತಾದ ಕೂಡಲೇ ಡೊಂಬಿವಲಿ, ಮುಲುಂಡ್, ಮೀರಾ ರೋಡಿನಿಂದ ಬಂದ ನಮ್ಮವರು ಡಾಕ್ಟರ ಮುಂದೆ ನುಂಗಿಕೊಂಡ ಪ್ರಶ್ನೆಗಳನ್ನೆಲ್ಲ ನನ್ನ ಮುಂದೆ ಸುರಿಯುತ್ತಾರೆ. ಅವುಗಳಲ್ಲಿ ಹೆಚ್ಚಿನವನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಮಾತ್ರೆ ನಿಲ್ಲಿಸುವುದು, ಬದಲಿಸುವುದು ನಿಮ್ಮ ಡಾಕ್ಟರ ಕೆಲಸ, ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಅವರನ್ನು ಏನು ಕೇಳಬೇಕು, ಅವರಿಗೆ ಏನು ಹೇಳಲೇಬೇಕು ಎಂಬುದಷ್ಟೇ ಇಲ್ಲಿದೆ.

ಡಾಕ್ಟರು ‘ಸ್ಟ್ರೆಸ್ ಥ್ಯಾಲಿಯಂ’ ಬರೆದುಕೊಟ್ಟಿದ್ದಾರೆ. ಇದು ಟಿಎಂಟಿಯೇನಾ?

ಅಲ್ಲ. ಟಿಎಂಟಿಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ, ಬಿಪಿ ನೋಡುತ್ತಾರೆ, ಅಷ್ಟೇ. ಸ್ಟ್ರೆಸ್ ಸ್ಕ್ಯಾನ್‌ನಲ್ಲಿ ನಡೆಸಿ ಅಥವಾ ಔಷಧ ಕೊಟ್ಟು ಹೃದಯದ ರಕ್ತದ ಹರಿವು ಹೆಚ್ಚಿಸುತ್ತಾರೆ (ಅದೇ ‘ಸ್ಟ್ರೆಸ್’), ಜೊತೆಗೆ ಹೃದಯದ ಚಿತ್ರವೂ ಸಿಗುತ್ತದೆ. ಎಕೋ ಯಂತ್ರದಿಂದ ತೆಗೆದರೆ ಸ್ಟ್ರೆಸ್ ಎಕೋ. ರಕ್ತನಾಳಕ್ಕೆ ಸ್ವಲ್ಪ ವಿಕಿರಣವಸ್ತು ಕೊಟ್ಟು ಗಾಮಾ ಕ್ಯಾಮೆರಾದಲ್ಲಿ ತೆಗೆದರೆ ಸ್ಪೆಕ್ಟ್ ಪರ್ಫ್ಯೂಷನ್ ಸ್ಕ್ಯಾನ್. ಜನ ‘ಥ್ಯಾಲಿಯಂ’ ಅನ್ನುವುದು ಇದಕ್ಕೇ, ಆದರೆ ಈಗ ಹೆಚ್ಚಿನ ಕಡೆ ಒಳಗೆ ಹೋಗುವುದು ಟೆಕ್ನೀಶಿಯಂ. ಪೆಟ್ ಮತ್ತು ಎಂಆರ್‌ಐ ಯಂತ್ರಗಳಲ್ಲೂ ಸ್ಟ್ರೆಸ್ ಸ್ಕ್ಯಾನ್ ಮಾಡುವ ದೊಡ್ಡ ಆಸ್ಪತ್ರೆಗಳಿವೆ.

ಸುಮ್ಮನೆ ಮಲಗಿಸಿ ತೆಗೆದರೆ ಸಾಲದೇ ಎಂದು ಕೇಳುತ್ತಾರೆ. ನಮ್ಮ ಬಿಲ್ಡಿಂಗುಗಳಲ್ಲಿ ಮಧ್ಯಾಹ್ನ ಎಲ್ಲ ಮಹಡಿಗೂ ನೀರು ಚೆನ್ನಾಗಿಯೇ ಬರುತ್ತದೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗಲೇ ಯಾವ ಮನೆಯ ಪೈಪು ಕಟ್ಟಿಕೊಂಡಿದೆ ಎಂದು ಗೊತ್ತಾಗುವುದು. ಹೃದಯದ ರಕ್ತನಾಳದ ಕತೆಯೂ ಅದೇ: ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡ ನಾಳವೂ ವಿಶ್ರಾಂತಿಯಲ್ಲಿ ಸಾಕಷ್ಟು ರಕ್ತ ಕೊಟ್ಟು ನಿಭಾಯಿಸುತ್ತದೆ.

ಅಪ್ಪನಿಗೆ 78. ಟೆಸ್ಟ್ ಮಾಡುವಾಗಲೇ ಏನಾದರೂ ಆಗಿಬಿಟ್ಟರೆ?

ನೇರವಾಗಿ ಹೇಳುತ್ತೇನೆ: ಆಗಬಹುದು, ಆದರೆ ಅಪರೂಪ. ವ್ಯಾಯಾಮದ ಸ್ಟ್ರೆಸ್ ಟೆಸ್ಟ್‌ನಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಸಾವು ಹೆಚ್ಚೆಂದರೆ 2500 ಟೆಸ್ಟ್‌ಗಳಿಗೆ ಒಂದು ಎಂಬುದು ವೈದ್ಯರು ಬಹುಕಾಲದಿಂದ ಒಪ್ಪಿಕೊಂಡು ಬಂದ ಲೆಕ್ಕ. ಡೋಬುಟಮಿನ್ ಎಂಬ ಔಷಧ ಕೊಟ್ಟು ಮಾಡುವ ಎಕೋದಲ್ಲಿ ಗಂಭೀರ ತೊಂದರೆ ಸುಮಾರು 2000ಕ್ಕೆ ಒಂದು. ಡೈಪಿರಿಡಮೋಲ್ ಎಂಬ ನಾಳ ಹಿಗ್ಗಿಸುವ ಔಷಧ ಬಳಸಿದ 73 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೃದಯಸಂಬಂಧಿ ಸಾವು ಹತ್ತು ಸಾವಿರಕ್ಕೆ ಸುಮಾರು ಒಂದು.

ಇವು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಸಂಖ್ಯೆಗಳು. ಹೃದಯ ಸೋತವರಲ್ಲಿ, ಮೂರು-ನಾಲ್ಕು ಕಾಯಿಲೆ ಒಟ್ಟಿಗೆ ಇರುವವರಲ್ಲಿ ಅಪಾಯ ಇದಕ್ಕಿಂತ ಹೆಚ್ಚು. ಆದರೆ ಬರೀ ವಯಸ್ಸನ್ನು ನೋಡಿ ‘ಬೇಡ’ ಅನ್ನುವ ಪದ್ಧತಿ ಎಲ್ಲೂ ಇಲ್ಲ. ಎಂಬತ್ತು ದಾಟಿದವರಿಗೂ ಈ ಟೆಸ್ಟ್ ದಿನನಿತ್ಯ ನಡೆಯುತ್ತದೆ.

ಇಷ್ಟು ವರ್ಷ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು. ಅಪಾಯ ಇರುವುದು ಯಂತ್ರದಲ್ಲಿ ಅಲ್ಲ. ಟೆಸ್ಟ್‌ಗೆ ಮೊದಲಿನ ಹತ್ತು ನಿಮಿಷದ ಮಾತುಕತೆಯಲ್ಲಿ ಏನನ್ನು ಹೇಳದೆ ಬಿಟ್ಟಿರೋ ಅದರಲ್ಲಿ. ನಿನ್ನೆ ರಾತ್ರಿ ಎದೆನೋವು ಬಂದಿತ್ತು ಎಂಬುದನ್ನು ‘ಟೆಸ್ಟ್ ಕ್ಯಾನ್ಸಲ್ ಮಾಡಿಬಿಡ್ತಾರೆ’ ಎಂದು ಮುಚ್ಚಿಡುವವರಿದ್ದಾರೆ. ಕ್ಯಾನ್ಸಲ್ ಮಾಡಬೇಕಾದದ್ದು ಅಂಥದ್ದನ್ನೇ.

ಹಾಗಾದರೆ ಯಾರಿಗೆ ಮಾಡಬಾರದು?

ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬರುತ್ತಿದ್ದರೆ, ಅಥವಾ ಕೆಲವು ದಿನಗಳಿಂದ ನೋವು ಏರುತ್ತಲೇ ಇದ್ದರೆ ಸ್ಟ್ರೆಸ್ ಸ್ಕ್ಯಾನ್ ಅಲ್ಲ, ಎಮರ್ಜೆನ್ಸಿ ವಾರ್ಡ್ ಬೇಕು. ಹಾರ್ಟ್ ಅಟ್ಯಾಕ್ ಆದ ಮೊದಲ ಎರಡು ದಿನ, ಮಲಗಿದರೆ ಉಸಿರು ಕಟ್ಟುವಷ್ಟು ಹಾರ್ಟ್ ಫೇಲ್ಯೂರ್ ಇದ್ದಾಗ, ಹಿಡಿತಕ್ಕೆ ಬಾರದ ಹೃದಯಬಡಿತ ಇದ್ದಾಗ, ಬಿಪಿ 200/110 ದಾಟಿದಾಗ ಮುಂದೂಡುತ್ತಾರೆ. ನಾಳ ಹಿಗ್ಗಿಸುವ ಔಷಧಗಳನ್ನು ಬಿಪಿಯ ಮೇಲಿನ ಸಂಖ್ಯೆ 90ಕ್ಕಿಂತ ಕೆಳಗಿದ್ದರೆ, ಅಥವಾ ಪೇಸ್‌ಮೇಕರ್ ಇಲ್ಲದೆ ಎರಡನೇ, ಮೂರನೇ ಹಂತದ ಹಾರ್ಟ್ ಬ್ಲಾಕ್ ಇದ್ದರೆ ಕೊಡುವುದಿಲ್ಲ. (ಇಲ್ಲಿ ಬ್ಲಾಕ್ ಅಂದರೆ ಹೃದಯದ ವಿದ್ಯುತ್ ಸಂಕೇತ ತಡೆಯುವುದು. ‘ಎರಡು ಬ್ಲಾಕೇಜ್ ಇದೆ’ ಅನ್ನುವುದೇ ಬೇರೆ.)

ವಯಸ್ಸಾದವರಲ್ಲಿ ವಿಶೇಷವಾಗಿ ನೋಡಬೇಕಾದದ್ದು ಅಯೋರ್ಟಿಕ್ ಸ್ಟೆನೋಸಿಸ್. ಹೃದಯದಿಂದ ರಕ್ತ ಹೊರಡುವ ಬಾಗಿಲಿನ ಕವಾಟ ಸುಣ್ಣಗಟ್ಟಿ ಕಿರಿದಾಗಿರುತ್ತದೆ. ಅಂಥವರನ್ನು, ಅದರಲ್ಲೂ ನಡೆಯುವಾಗ ತಲೆ ಸುತ್ತಿ ಬಿದ್ದ ಇತಿಹಾಸ ಇರುವವರನ್ನು, ಟ್ರೆಡ್‌ಮಿಲ್ ಹತ್ತಿಸಿದರೆ ದೊಡ್ಡ ಅನಾಹುತವೇ ಆಗಬಹುದು. ಸಾದಾ ಎಕೋ ಮಾಡಿದರೆ ಇದು ಗೊತ್ತಾಗುತ್ತದೆ. ಹಳೆಯ ಎಕೋ ರಿಪೋರ್ಟ್ ಊರಲ್ಲೇ ಬಿಟ್ಟು ಬಂದಿದ್ದರೆ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ.

ಅತ್ತೆಗೆ ಮಂಡಿನೋವು, ಟ್ರೆಡ್‌ಮಿಲ್ ಮೇಲೆ ಎರಡು ಹೆಜ್ಜೆ ಇಡಲಾರರು. ಟೆಸ್ಟ್ ಆಗುವುದೇ ಇಲ್ಲವೇ?

ಆಗುತ್ತದೆ, ಔಷಧ ಕೊಟ್ಟು ಮಾಡುತ್ತಾರೆ. ಆದರೆ ನಡೆಯಬಲ್ಲವರನ್ನು ನಡೆಸುವುದೇ ಒಳ್ಳೆಯದು ಎಂಬುದು ತಿಳಿದಿರಲಿ. ಎಷ್ಟು ಹೊತ್ತು ನಡೆದರು, ಬಿಪಿ ಹೇಗೆ ಏರಿತು ಎಂಬುದೂ ಹೃದಯದ ಬಗ್ಗೆ ಬಹಳಷ್ಟು ಹೇಳುತ್ತದೆ. ಟ್ರೆಡ್‌ಮಿಲ್‌ನ ವೇಗ, ಏರು ಎರಡನ್ನೂ ಹಂತಹಂತವಾಗಿ ಹೆಚ್ಚಿಸುವ ಸಾಮಾನ್ಯ ಬ್ರೂಸ್ ಪದ್ಧತಿಯ ಮೊದಲ ಮೂರು ನಿಮಿಷವೇ ಗಂಟೆಗೆ 2.7 ಕಿಲೋಮೀಟರ್ ವೇಗ, 10 ಶೇಕಡಾ ಏರು. ವಯಸ್ಸಾದವರಿಗೆ ಏರಿಲ್ಲದೆ ಆರಂಭವಾಗುವ ಬದಲಿ ಪದ್ಧತಿ ಇದೆ, ಕೇಳಿ.

ಡಾಕ್ಟರು ‘ಅಮ್ಮ ಎಷ್ಟು ಓಡಾಡ್ತಾರೆ?’ ಎಂದಾಗ ‘ಮನೆಕೆಲಸ ಎಲ್ಲ ಮಾಡ್ತಾರೆ’ ಅಂದರೆ ಏನೂ ಗೊತ್ತಾಗುವುದಿಲ್ಲ. ಮುಂಬೈಯವರಿಗೆ ಸುಲಭದ ಅಳತೆ ಇದೆ: ದಾದರಿನ ಸ್ಟೇಷನ್ ಸೇತುವೆಯ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರಾ? ಎಲ್ಲಿ ನಿಲ್ಲುತ್ತಾರೆ, ಮಂಡಿ ನೋವಿಗೆ ನಿಲ್ಲುತ್ತಾರೋ ಉಸಿರಿಗೆ ನಿಲ್ಲುತ್ತಾರೋ? ಅದನ್ನು ಹೇಳಿ. ಎಸ್ಕಲೇಟರ್ ಲೆಕ್ಕಕ್ಕಿಲ್ಲ.

ಔಷಧ ಎರಡು ಬಗೆ. ಅಡಿನೋಸಿನ್, ಡೈಪಿರಿಡಮೋಲ್, ರೆಗಾಡಿನೋಸನ್ ಇವು ಹೃದಯದ ನಾಳಗಳನ್ನು ಹಿಗ್ಗಿಸುತ್ತವೆ. ಕಟ್ಟಿಕೊಂಡ ನಾಳ ಹಿಗ್ಗಲಾರದೆ ಹಿಂದೆ ಬೀಳುತ್ತದೆ, ಆ ವ್ಯತ್ಯಾಸ ಚಿತ್ರದಲ್ಲಿ ಕಾಣುತ್ತದೆ. ಡೋಬುಟಮಿನ್ ಹಾಗಲ್ಲ, ಹೃದಯವನ್ನು ಓಡಿದವರ ಹೃದಯದಂತೆ ಬಡಿಸುತ್ತದೆ. ಬಡಿತ ಸಾಕಷ್ಟು ಏರದಿದ್ದರೆ ಜೊತೆಗೆ ಅಟ್ರೋಪಿನ್ ಕೊಡುತ್ತಾರೆ. ಇಲ್ಲಿ ಹಿರಿಯ ಗಂಡಸರು ಒಂದು ಮಾತು ಹೇಳಲೇಬೇಕು: ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟಿಕೊಳ್ಳುತ್ತದೆಯೇ? ಹಾಗೆಯೇ ಕಣ್ಣಿನ ಗ್ಲಾಕೋಮಾ ಇದೆಯೇ? ಎರಡಕ್ಕೂ ಅಟ್ರೋಪಿನ್ ಆಗಿಬರುವುದಿಲ್ಲ.

ಇಂಜೆಕ್ಷನ್ ಕೊಟ್ಟಾಗ ಏನನ್ನಿಸುತ್ತದೆ? ಅಮ್ಮ ಹೆದರಿದ್ದಾರೆ.

ಮೊದಲೇ ಹೇಳಿಬಿಟ್ಟರೆ ಅರ್ಧ ಹೆದರಿಕೆ ಹೋಗುತ್ತದೆ. ಅಡಿನೋಸಿನ್ ಡ್ರಿಪ್ ನಾಲ್ಕರಿಂದ ಆರು ನಿಮಿಷ. ಶುರುವಾದ ಸ್ವಲ್ಪ ಹೊತ್ತಿಗೇ ಮುಖ, ಕಿವಿ ಬಿಸಿಯಾಗುತ್ತವೆ. ಎದೆಯ ಮೇಲೆ ಯಾರೋ ಕೈ ಒತ್ತಿದ ಹಾಗೆ, ದೊಡ್ಡ ಉಸಿರು ಎಳೆಯಬೇಕು ಎನ್ನುವ ಹಾಗೆ ಆಗುತ್ತದೆ. ಗಂಟಲು, ದವಡೆ ಬಿಗಿಯುವುದೂ ಉಂಟು. ಬೆಡ್ಡಿನ ಅಂಚನ್ನು ಗಟ್ಟಿಯಾಗಿ ಹಿಡಿದು ‘ರಾಯರೇ ಕಾಪಾಡಿ’ ಅನ್ನುತ್ತಿದ್ದ ಅಜ್ಜಿ, ಡ್ರಿಪ್ ನಿಲ್ಲಿಸಿ ನಾನು ಪ್ಲಾಸ್ಟರ್ ಹಚ್ಚುವಷ್ಟರಲ್ಲಿ ‘ಮುಗೀತಾ? ಇಷ್ಟೇನಾ?’ ಎಂದು ಎದ್ದು ಕೂತಿದ್ದಾರೆ. ಯಾಕೆಂದರೆ ಈ ಔಷಧದ ಅರ್ಧಾಯುಷ್ಯ (ಅರ್ಧದಷ್ಟು ಕರಗಲು ಬೇಕಾದ ಹೊತ್ತು) ಹತ್ತು ಸೆಕೆಂಡಿಗಿಂತ ಕಡಿಮೆ.

ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಒಂದು ದೊಡ್ಡ ದಾಖಲೆಯಲ್ಲಿ (1994ರದು) ನೂರಕ್ಕೆ ಎಂಬತ್ತು ಮಂದಿಗೆ ಇಂಥ ಏನಾದರೊಂದು ಅನುಭವ ಆಗಿತ್ತು, ಸಾವು ಒಂದೂ ಇರಲಿಲ್ಲ. ಹಾಗಾಗಿ ಎದೆ ಬಿಗಿದ ಮಾತ್ರಕ್ಕೆ ಅದು ಹಾರ್ಟ್ ಅಟ್ಯಾಕ್ ಅಲ್ಲ. ಇಸಿಜಿ ನೋಡುತ್ತ ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ಆದರೂ ಬಾಯಿಬಿಟ್ಟು ಹೇಳಬೇಕು, ಸಹಿಸಿಕೊಂಡು ಸುಮ್ಮನಿರಬಾರದು. ಡೈಪಿರಿಡಮೋಲ್, ರೆಗಾಡಿನೋಸನ್ ಪರಿಣಾಮ ಇನ್ನೂ ಸ್ವಲ್ಪ ಹೊತ್ತು ಎಳೆಯುತ್ತದೆ. ಅದಕ್ಕೆ ಅಮಿನೋಫಿಲಿನ್ ಎಂಬ ಪ್ರತಿಔಷಧ ಸಿರಿಂಜಿನಲ್ಲಿ ತಯಾರಿರುತ್ತದೆ.

ಇವೇ ಔಷಧಗಳ ಬಗ್ಗೆ 2013ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು: ಅಡಿನೋಸಿನ್ ಮತ್ತು ರೆಗಾಡಿನೋಸನ್‌ನಿಂದ ಅಪರೂಪಕ್ಕೆ ಹಾರ್ಟ್ ಅಟ್ಯಾಕ್, ಸಾವು ಆಗಿವೆ, ಅಸ್ಥಿರ ಎದೆನೋವು ಇರುವವರಿಗೆ ಕೊಡಬೇಡಿ, ತುರ್ತು ಸಲಕರಣೆ ಪಕ್ಕದಲ್ಲಿರಲಿ ಎಂದು. ನಿಷೇಧ ಮಾಡಲಿಲ್ಲ. ವಾಟ್ಸಾಪಿನಲ್ಲಿ ಓಡಾಡುವ ಸಂದೇಶದಲ್ಲಿ ಈ ಕೊನೆಯ ಸಾಲು ಇರುವುದಿಲ್ಲ.

ಬೆಳಿಗ್ಗೆ ಒಂದು ಲೋಟ ಚಹಾ ಕುಡಿದರೆ ಏನಂತೆ?

ಟೆಸ್ಟ್ ಹಾಳಾಗುತ್ತದಂತೆ! ಕೆಫೀನ್, ಅಡಿನೋಸಿನ್ ಗುಂಪಿನ ಔಷಧ ಕೆಲಸ ಮಾಡುವ ಜಾಗದಲ್ಲೇ ಹೋಗಿ ಕೂತುಬಿಡುತ್ತದೆ. ನಾಳ ಹಿಗ್ಗುವುದಿಲ್ಲ, ಕಟ್ಟಿಕೊಂಡದ್ದು ಕಾಣುವುದಿಲ್ಲ, ರಿಪೋರ್ಟ್ ನಾರ್ಮಲ್ ಬರುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟದ್ದಿಲ್ಲ: ಕಾಯಿಲೆ ಇದ್ದವರು ಏನೂ ಇಲ್ಲ ಎಂದು ಮನೆಗೆ ಹೋಗುತ್ತಾರೆ.

ಕನಿಷ್ಠ 12 ಗಂಟೆ ಬಿಡಬೇಕು. 24 ಗಂಟೆ ಬಿಡಿ ಎನ್ನುವ ಕೇಂದ್ರಗಳೂ ಇವೆ. ಚಹಾ, ಕಾಫಿ, ಗ್ರೀನ್ ಟೀ, ಕೋಲಾ, ಚಾಕೊಲೇಟ್, ಕೋಕೋ ಹಾಕಿದ ಪುಡಿಯ ಹಾಲು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಡಿಕ್ಯಾಫ್‌ನಲ್ಲೂ ಸ್ವಲ್ಪ ಕೆಫೀನ್ ಇರುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ. ‘ಏನಾದ್ರೂ ಕುಡಿದಿದ್ದೀರಾ?’ ಎಂದರೆ ‘ಇಲ್ಲಮ್ಮ’ ಎಂದು ಗಂಭೀರವಾಗಿ ಹೇಳಿ, ಸೂಜಿ ಚುಚ್ಚುವಾಗ ‘ಸ್ಟೇಷನ್ ಹೊರಗೆ ಒಂದು ಕಟಿಂಗ್ ಅಷ್ಟೇ’ ಎಂದು ನೆನಪಿಸಿಕೊಳ್ಳುವ ಅಪ್ಪಂದಿರು ನನಗೆ ಹೊಸಬರಲ್ಲ. ಮಾಟುಂಗಾದ ಫಿಲ್ಟರ್ ಕಾಫಿ ಟೆಸ್ಟ್ ಮುಗಿದ ಮೇಲೂ ಅಲ್ಲೇ ಇರುತ್ತದೆ. ಬೆಳಗಿನ ಕಾಫಿ ತಪ್ಪಿದರೆ ತಲೆನೋವು ಬರುವವರು ಬೆಳಗಿನ ಮೊದಲ ಸ್ಲಾಟ್ ಕೇಳಿಕೊಳ್ಳಿ.

ಅಜ್ಜನಿಗೆ ದಮ್ಮು. ಮಾಡಿಸಬಹುದೇ?

ಆ ದಿನ ಎದೆಯಲ್ಲಿ ಸೀಟಿ ಹೊಡೆಯುವ ಸದ್ದು ಇದ್ದರೆ ಅಡಿನೋಸಿನ್, ಡೈಪಿರಿಡಮೋಲ್ ಬೇಡ, ಶ್ವಾಸನಾಳ ಬಿಗಿಯಬಹುದು. ಅಂಥವರಿಗೆ ಡೋಬುಟಮಿನ್ ದಾರಿ ಇದೆ. ನಮ್ಮಲ್ಲಿ ದಮ್ಮಿನವರು ಡೆರಿಫಿಲಿನ್ ಮಾತ್ರೆ ತೆಗೆದುಕೊಳ್ಳುವುದು ಸಾಮಾನ್ಯ. ಅದರಲ್ಲಿರುವ ಥಿಯೋಫಿಲಿನ್ ಕೆಫೀನ್‌ನ ಹಾಗೆಯೇ ಟೆಸ್ಟನ್ನು ಕೆಡಿಸುತ್ತದೆ. ಹಾಗೆಂದು ನೀವೇ ನಿಲ್ಲಿಸಿದರೆ ದಮ್ಮು ಕೆದರೀತು. ಬುಕ್ ಮಾಡುವಾಗಲೇ ಹೇಳಿ. ಇನ್ಹೇಲರ್ ಜೇಬಿನಲ್ಲಿ ಇಟ್ಟುಕೊಂಡೇ ಬನ್ನಿ.

ಬಿಪಿ, ಶುಗರ್ ಮಾತ್ರೆ ಏನು ಮಾಡಬೇಕು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬೀಟಾ ಬ್ಲಾಕರ್ (ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್ ಇಂಥವು) ಬಡಿತವನ್ನು ತಗ್ಗಿಸಿಡುತ್ತದೆ. 78 ವರ್ಷದವರು ಟ್ರೆಡ್‌ಮಿಲ್ ಮೇಲೆ ನಿಮಿಷಕ್ಕೆ ಸುಮಾರು 120 ಬಡಿತ ಮುಟ್ಟಬೇಕು, ಅಂದರೆ 220ರಿಂದ ವಯಸ್ಸು ಕಳೆದು ಅದರ 85 ಶೇಕಡಾ. ಈ ಮಾತ್ರೆ ಇದ್ದರೆ ಮುಟ್ಟುವುದು ಕಷ್ಟ. ಹಾಗಾಗಿ ರೋಗ ಪತ್ತೆಗೆ ಮಾಡುವ ಟೆಸ್ಟ್ ಆದರೆ ಒಂದೆರಡು ದಿನ ನಿಲ್ಲಿಸಲು ಹೇಳಬಹುದು. ಕಾಯಿಲೆ ಇರುವುದು ಗೊತ್ತಿದ್ದು, ಔಷಧ ಸಾಲುತ್ತಿದೆಯೇ ಎಂದು ನೋಡುವುದಾದರೆ ತೆಗೆದುಕೊಂಡೇ ಬನ್ನಿ ಎನ್ನಬಹುದು. ಹೇಳದೆ ಕೇಳದೆ ನಿಲ್ಲಿಸಿದರೆ ಎದೆನೋವು ಮರುಕಳಿಸುವ ಅಪಾಯ ನಿಜವಾದದ್ದು.

ಶುಗರ್‌ನವರು ಇನ್ಸುಲಿನ್ ಪೂರ್ತಿ ಹಾಕಿಕೊಂಡು ಖಾಲಿ ಹೊಟ್ಟೆಯಲ್ಲಿ ಲೋಕಲ್ ಹತ್ತಿ ಬಂದರೆ ಟೆಸ್ಟ್‌ಗೆ ಮೊದಲೇ ಬವಳಿ ಬಂದು ಬೀಳುತ್ತಾರೆ. ಎಷ್ಟು ಯೂನಿಟ್ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಮಾತ್ರೆಯ ಪಟ್ಟಿ ಬರೆಯುವಾಗ ಜನ ಮರೆಯುವುದು ಎರಡು. ಒಂದು, ಕಣ್ಣಿನ ಹನಿ: ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರ್ರೇ, ಬಡಿತ ಇಳಿಸಬಲ್ಲದು, ದಮ್ಮು ಕೆರಳಿಸಬಲ್ಲದು. ಇನ್ನೊಂದು ಮರೆಯುವುದಲ್ಲ, ಮುಚ್ಚಿಡುವುದು. ಸಿಲ್ಡೆನಾಫಿಲ್ ಅಥವಾ ತಡಾಲಾಫಿಲ್ (ಲೈಂಗಿಕ ತೊಂದರೆಯ ಮಾತ್ರೆಗಳು) ತೆಗೆದುಕೊಂಡವರಿಗೆ ಎದೆನೋವೆಂದು ನಾಲಿಗೆಯ ಕೆಳಗೆ ನೈಟ್ರೇಟ್ ಕೊಟ್ಟರೆ ಬಿಪಿ ಕುಸಿದುಬಿಡುತ್ತದೆ. ಸೊಸೆಯ ಮುಂದೆ ಹೇಳಲು ಸಂಕೋಚವಾದರೆ ಅವಳನ್ನು ನೀರು ತರಲು ಕಳಿಸಿ ಹೇಳಿ.

ರೇಡಿಯೇಶನ್‌ನಿಂದ ಕ್ಯಾನ್ಸರ್ ಬರುವುದಿಲ್ಲವೇ?

ಎಕೋ, ಎಂಆರ್‌ಐನಲ್ಲಿ ವಿಕಿರಣ ಇಲ್ಲವೇ ಇಲ್ಲ. ಟೆಕ್ನೀಶಿಯಂ ಬಳಸಿ ವಿಶ್ರಾಂತಿ ಮತ್ತು ಸ್ಟ್ರೆಸ್ ಎರಡೂ ಚಿತ್ರ ತೆಗೆದರೆ ಸಾಮಾನ್ಯವಾಗಿ 9ರಿಂದ 12 ಮಿಲಿಸೀವರ್ಟ್ (ವಿಕಿರಣದ ಅಳತೆ). ನಾವು ಸುಮ್ಮನೆ ಬದುಕಿದ್ದಕ್ಕೇ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ; ಅಂದರೆ ನಾಲ್ಕೈದು ವರ್ಷದ ಪಾಲು ಒಂದೇ ದಿನ. ಕಡಿಮೆಯೇನಲ್ಲ, ಹೆದರುವಷ್ಟೂ ಅಲ್ಲ. ವಿಕಿರಣದಿಂದ ಬರಬಹುದಾದ ಕ್ಯಾನ್ಸರ್‌ಗೆ ಹತ್ತಾರು ವರ್ಷ ಹಿಡಿಯುತ್ತದೆ. ಮೂವತ್ತರ ಹೆಂಗಸಿಗೆ ಈ ಲೆಕ್ಕ ಬಹಳ ಮುಖ್ಯ. ಎಪ್ಪತ್ತೆಂಟರ ಅಪ್ಪನಿಗೆ ಹೃದಯದ ಪ್ರಶ್ನೆಯೇ ಮೊದಲು.

ಆದರೂ ಎರಡು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ‘ಸ್ಟ್ರೆಸ್ ಚಿತ್ರ ಮೊದಲು ತೆಗೆದು, ಅದು ಚೆನ್ನಾಗಿದ್ದರೆ ವಿಶ್ರಾಂತಿಯ ಚಿತ್ರ ಬಿಡಬಹುದೇ?’ ಹಾಗೆ ಮಾಡಿದರೆ ಪ್ರಮಾಣ ಬಹಳ ಇಳಿಯುತ್ತದೆ. ‘ಕೊಡುವುದು ನಿಜವಾಗಿಯೂ ಥ್ಯಾಲಿಯಂ ಏನು?’ ಹೌದಾದರೆ ಪ್ರಮಾಣ ಹೆಚ್ಚು. ಟೆಕ್ನೀಶಿಯಂನ ಅರ್ಧಾಯುಷ್ಯ 6 ಗಂಟೆ, ಥ್ಯಾಲಿಯಂನದು ಸುಮಾರು 73 ಗಂಟೆ. ವಿಶೇಷ ಕಾರಣವಿಲ್ಲದೆ ವರ್ಷವರ್ಷ ‘ಚೆಕ್‌ಅಪ್’ ಎಂದು ಈ ಸ್ಕ್ಯಾನ್ ಮಾಡಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಮನೆಯಲ್ಲಿ ಮೊಮ್ಮಗು ಇದೆ. ಎತ್ತಿಕೊಳ್ಳಬಹುದೇ? ಮುಂದಿನ ವಾರ ದುಬೈಗೆ ಹೋಗುವುದಿದೆ.

ಊಟ, ಮಾತು, ಒಂದೇ ಮನೆಯ ವಾಸ ಏನೂ ತೊಂದರೆಯಿಲ್ಲ. ಕೂಸನ್ನು ಗಂಟೆಗಟ್ಟಲೆ ಮಡಿಲಲ್ಲಿ ಮಲಗಿಸಿಕೊಳ್ಳುವುದನ್ನು ಆ ಒಂದು ದಿನ ಬಿಡಿ. ನೀರು ಹೆಚ್ಚು ಕುಡಿದು ಆಗಾಗ ಮೂತ್ರಕ್ಕೆ ಹೋದರೆ ಬೇಗ ಹೊರಹೋಗುತ್ತದೆ. (ಹಾರ್ಟ್ ಫೇಲ್ಯೂರ್ ಇದ್ದು ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೇ ಮೇಲು.) ಜೊತೆಗೆ ಬಸುರಿ ಸೊಸೆಯನ್ನೋ ಸಣ್ಣ ಮಕ್ಕಳನ್ನೋ ನಮ್ಮ ವಿಭಾಗಕ್ಕೆ ಕರೆತರಬೇಡಿ, ಅಲ್ಲಿ ಬೇರೆ ರೋಗಿಗಳಿಗೂ ಔಷಧ ಕೊಟ್ಟಿರುತ್ತದೆ.

ಕೆಲವು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳ ವಿಕಿರಣ ಪತ್ತೆಯಂತ್ರ ಟೆಕ್ನೀಶಿಯಂ ಆದರೆ ಎರಡು-ಮೂರು ದಿನ, ಥ್ಯಾಲಿಯಂ ಆದರೆ ವಾರಗಟ್ಟಲೆ ಸದ್ದು ಮಾಡಬಹುದು. ಯಾವ ದಿನ, ಏನು ಕೊಟ್ಟರು ಎಂದು ಬರೆದ ಪತ್ರವನ್ನು ಆಸ್ಪತ್ರೆಯಿಂದ ಕೇಳಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಕಿಡ್ನಿ ವೀಕು. ಪೇಸ್‌ಮೇಕರ್ ಬೇರೆ ಇದೆ.

ಸ್ಪೆಕ್ಟ್‌ನಲ್ಲಿ ಕೊಡುವ ವಸ್ತು ಅತ್ಯಲ್ಪ, ಕಿಡ್ನಿಗೆ ಹಾನಿಯಿಲ್ಲ. ಸಿಟಿ ಆಂಜಿಯೋಗ್ರಾಮ್‌ನ ಅಯೋಡಿನ್ ಡೈ ಬಗ್ಗೆ ಮಾತ್ರ ಕಿಡ್ನಿಯವರು ಯೋಚಿಸಬೇಕು. ಎಂಆರ್‌ಐನ ಡೈ ಗಡೊಲಿನಿಯಂ ಕೊಡುವ ಮೊದಲೂ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ತೋರಿಸಿ.

ಪೇಸ್‌ಮೇಕರ್ ಇದ್ದವರಿಗೆ, ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ತಡವಾಗಿ ತಲುಪುವುದು) ಇದ್ದವರಿಗೆ ಟ್ರೆಡ್‌ಮಿಲ್‌ಗಿಂತ ನಾಳ ಹಿಗ್ಗಿಸುವ ಔಷಧವೇ ಸರಿ. ಬಡಿತ ಹೆಚ್ಚಿಸಿದರೆ ಹೃದಯದ ನಡುಗೋಡೆಯಲ್ಲಿ ಇಲ್ಲದ ದೋಷ ಕಾಣಿಸಿಕೊಳ್ಳುತ್ತದೆ. ಎಂಆರ್‌ಐ ಆದರೆ ಪೇಸ್‌ಮೇಕರ್ ಕಾರ್ಡ್ ಇಲ್ಲದೆ ಬರಲೇಬೇಡಿ. ಸ್ಟೆಂಟ್ ಯಾವುದಕ್ಕೂ ಅಡ್ಡಿಯಲ್ಲ.

ನಮ್ಮ ಅವ್ವಗ ಕನ್ನಡ ಬಿಟ್ಟು ಬ್ಯಾರೆ ಬರೂದಿಲ್ಲ. ಒಳಗ ಏನ್ ಹೇಳ್ತಾಳ?

ಮುಂಬೈಯಲ್ಲಿ ಇದನ್ನು ನಾನು ಸುರಕ್ಷತೆಯ ಪ್ರಶ್ನೆಯೆಂದೇ ನೋಡುತ್ತೇನೆ. ಟೆಸ್ಟ್ ನಿಲ್ಲಿಸಬೇಕೋ ಬೇಡವೋ ಎಂಬುದರಲ್ಲಿ ಅರ್ಧ ಇಸಿಜಿ ಹೇಳುತ್ತದೆ, ಅರ್ಧ ರೋಗಿಯೇ ಹೇಳಬೇಕು. ವಿಜಯಪುರದ ಕಡೆಯ ಒಬ್ಬ ಅವ್ವ ಟ್ರೆಡ್‌ಮಿಲ್ ಮೇಲೆ ‘ಎದಿ ಉರೀಲಿಕತ್ತದ’ ಅಂದಳು. ಬಾಗಿಲಲ್ಲಿ ನಿಂತಿದ್ದ ಮಗ ಹಿಂದಿಯಲ್ಲಿ ‘ಆಸಿಡಿಟಿ’ ಎಂದು ದಾಟಿಸಿದ. ನಾನು ಕೇಳಿಸಿಕೊಂಡು ತಿರುಗಿ ವಿಚಾರಿಸಿದೆ: ನಡೆದಾಗ ಮಾತ್ರ ಬರುತ್ತದೆ, ನಿಂತರೆ ಹೋಗುತ್ತದೆ. ಅದು ಆಸಿಡಿಟಿಯಾಗಿರಲಿಲ್ಲ. ಹಿರಿಯರಲ್ಲಿ, ಶುಗರ್ ಇದ್ದವರಲ್ಲಿ ಹೃದಯದ ನೋವು ಎದೆಯುರಿ, ಏದುಸಿರು, ಬೆವರು, ಬರೀ ಸುಸ್ತು ಹೀಗೆ ವೇಷ ಬದಲಿಸಿಕೊಂಡೇ ಬರುತ್ತದೆ. ಅವರು ಅಂದದ್ದನ್ನು ಅಂದ ಹಾಗೇ ದಾಟಿಸಿ, ಕಾಯಿಲೆಯ ಹೆಸರು ನೀವು ಇಡಬೇಡಿ.

ಸ್ಟ್ರೆಸ್ ಹಂತದಲ್ಲಿ ಒಬ್ಬರು ಒಳಗಿರಲು ಬಿಡುತ್ತೀರಾ ಎಂದು ಮೊದಲೇ ಕೇಳಿ. ಬಿಡದಿದ್ದರೆ ಕೈಸನ್ನೆ ಗೊತ್ತುಮಾಡಿ: ಎದೆ ಮುಟ್ಟಿದರೆ ನೋವು, ಬಲಗೈ ಎತ್ತಿದರೆ ನಿಲ್ಲಿಸಿ. ಅವ್ವನಿಗೂ ಡಾಕ್ಟರಿಗೂ ಒಟ್ಟಿಗೆ ತೋರಿಸಿ. ಸಮ್ಮತಿಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಿ ಹೇಳಿಸಿಯೇ ಹೆಬ್ಬೆಟ್ಟು ಒತ್ತಿಸಿ.

ಮರೆವಿನ ಕಾಯಿಲೆ ಇದ್ದವರ ವಿಷಯದಲ್ಲಿ ಇನ್ನೂ ಮೊದಲೇ ಯೋಚಿಸಿ. ಅಲುಗಾಡದೆ ಮಲಗಲಾರದವರಿಗೆ, ನೋವನ್ನು ಹೇಳಲಾರದವರಿಗೆ ಈ ಟೆಸ್ಟ್‌ನಿಂದ ಸಿಗುವುದು ಕಡಿಮೆ.

ಆ ದಿನ ಏನು ಉಡಬೇಕು, ಏನು ತರಬೇಕು?

ಟ್ರೆಡ್‌ಮಿಲ್ ಆದರೆ ಸೀರೆ ಬೇಡ, ಸೆರಗು ನೆರಿಗೆ ಬೆಲ್ಟಿಗೆ ಸಿಕ್ಕಿ ಬಿದ್ದರೆ ಹೃದಯಕ್ಕಿಂತ ಮೊದಲು ಸೊಂಟ ಮುರಿಯುತ್ತದೆ. ಸಡಿಲ ಪೈಜಾಮ, ಹಿಂದೆ ಪಟ್ಟಿ ಇರುವ ಬೂಟು. ಚಪ್ಪಲಿಯಲ್ಲಿ ಹತ್ತಿಸುವುದಿಲ್ಲ. ಕರಿಮಣಿ ತೆಗೆಯಲು ಒಪ್ಪದ ಅಜ್ಜಿಯಂದಿರಿಗೆ ಗಾಮಾ ಕ್ಯಾಮೆರಾದಲ್ಲಿ ಅದನ್ನು ಕತ್ತಿನ ಮೇಲಕ್ಕೆ ಸರಿಸಿ ಪ್ಲಾಸ್ಟರ್ ಹಚ್ಚುತ್ತೇವೆ. ಎಂಆರ್‌ಐನಲ್ಲಿ ಅದು ನಡೆಯುವುದಿಲ್ಲ.

ಕ್ಯಾಮೆರಾದ ಕೆಳಗೆ ಕೈಗಳನ್ನು ತಲೆಯ ಮೇಲೆ ಇಟ್ಟು ಹತ್ತು-ಇಪ್ಪತ್ತು ನಿಮಿಷ ಮಲಗಬೇಕು. ಭುಜ ಹಿಡಿದುಕೊಂಡಿದ್ದರೆ ಮೊದಲೇ ಹೇಳಿ, ದಿಂಬು ಕೊಟ್ಟು ಹೊಂದಿಸುತ್ತೇವೆ. ಮೂತ್ರದ ಮಾತ್ರೆ ತೆಗೆದುಕೊಳ್ಳುವವರು ಸ್ಕ್ಯಾನಿಗೆ ಮುಂಚೆ ಹೋಗಿ ಬನ್ನಿ. ಎಸಿ ಚಳಿ ವಿಪರೀತ, ಶಾಲು ಇರಲಿ. ಎರಡು ಚಿತ್ರಗಳ ನಡುವೆ ಕಾಯುವುದೇ ಗಂಟೆಗಟ್ಟಲೆ, ಪೂರ್ತಿ ದಿನ ಬಿಡುವು ಇಟ್ಟುಕೊಳ್ಳಿ.

ರಿಪೋರ್ಟ್ ನಾರ್ಮಲ್ ಬಂದರೆ ನಿಶ್ಚಿಂತೆಯೇ?

ಬಹಳಮಟ್ಟಿಗೆ ಹೌದು. ಪೂರ್ತಿ ಅಲ್ಲ. ಮೂರೂ ಮುಖ್ಯ ನಾಳಗಳು ಸಮನಾಗಿ ಕಟ್ಟಿಕೊಂಡಿದ್ದರೆ ಸ್ಪೆಕ್ಟ್ ಮೋಸಹೋಗಬಹುದು. ಅದು ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವ ಚಿತ್ರ, ಎಲ್ಲ ಕಡೆ ಒಂದೇ ಸಮ ಕಡಿಮೆಯಾದರೆ ಯಾವುದೂ ಕಡಿಮೆ ಕಾಣುವುದಿಲ್ಲ. ಅದಕ್ಕೇ ಟ್ರೆಡ್‌ಮಿಲ್ ಮೇಲೆ ನಡೆಯುವಾಗ ಬಿಪಿ ಬಿತ್ತೇ, ಸ್ಟ್ರೆಸ್ ಚಿತ್ರದಲ್ಲಿ ಹೃದಯ ಹಿಗ್ಗಿತೇ ಎಂದು ಡಾಕ್ಟರು ಬೇರೆಯಾಗಿ ನೋಡುತ್ತಾರೆ. ಉಲ್ಟಾ ತಪ್ಪೂ ಉಂಟು: ದಪ್ಪ ಸ್ತನ, ಎದೆ-ಹೊಟ್ಟೆಯ ನಡುವಿನ ವಪೆ (ಡಯಾಫ್ರಮ್) ಅಡ್ಡಬಂದು ಇಲ್ಲದ ದೋಷ ಕಾಣುತ್ತದೆ. ಟೆಸ್ಟ್ ನಾರ್ಮಲ್ ಬಂದೂ ಎದೆನೋವು ಹೆಚ್ಚಾಗುತ್ತಿದ್ದರೆ ರಿಪೋರ್ಟ್ ನಂಬಿ ಕೂರಬೇಡಿ.

ಮಂಡಿ ಆಪರೇಷನ್ನಿಗೆ, ಕಣ್ಣಿನ ಪೊರೆಗೆ ಮುಂಚೆ ಇದು ಬೇಕೇ ಬೇಕಾ?

ಕಣ್ಣಿನ ಪೊರೆಗೆ ಖಂಡಿತ ಬೇಡ. ಮಂಡಿ ಬದಲಿಸುವಂಥದ್ದಕ್ಕೆ, ಮೆಟ್ಟಿಲು ಹತ್ತಿ ಇಳಿದು ಯಾವ ತೊಂದರೆಯೂ ಇಲ್ಲದವರಿಗೆ ಸಾಮಾನ್ಯವಾಗಿ ಅಗತ್ಯವಿಲ್ಲ. ಓಡಾಟವೇ ಇಲ್ಲದ, ಹೃದಯದ ಇತಿಹಾಸ ಇರುವವರಲ್ಲಿ ಡಾಕ್ಟರು ಕೇಳಬಹುದು. ಆಗ ಒಂದು ಪ್ರಶ್ನೆ ಕೇಳಿ: ‘ರಿಪೋರ್ಟ್ ಕೆಟ್ಟದಾಗಿ ಬಂದರೆ ಏನು ಬದಲಾಗುತ್ತದೆ?’ ಉತ್ತರ ‘ಏನೂ ಇಲ್ಲ’ ಎಂದಾದರೆ, ಎಷ್ಟೇ ಸುರಕ್ಷಿತ ಟೆಸ್ಟ್ ಆದರೂ ಯಾಕೆ?

ಇನ್ನೊಂದು ಹೆದರಿಕೆ, ‘ಟೆಸ್ಟ್ ಮಾಡಿಸಿದರೆ ಸ್ಟೆಂಟ್ ಹಾಕಿಯೇ ಹಾಕ್ತಾರೆ’ ಅನ್ನುವುದು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನದಲ್ಲಿ, ಸ್ಟ್ರೆಸ್ ಟೆಸ್ಟ್‌ನಲ್ಲಿ ಸಾಕಷ್ಟು ದೋಷ ಕಂಡ 5179 ಸ್ಥಿರ ರೋಗಿಗಳನ್ನು ಎರಡು ಗುಂಪು ಮಾಡಿದರು. ಮೊದಲೇ ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಲ್ಲೂ, ಒಳ್ಳೆಯ ಔಷಧದಿಂದ ಶುರುಮಾಡಿದವರಲ್ಲೂ ಸಾವು, ಹಾರ್ಟ್ ಅಟ್ಯಾಕ್ ಒಟ್ಟಿನಲ್ಲಿ ಹೆಚ್ಚುಕಡಿಮೆ ಒಂದೇ. ಎದೆನೋವು ಕಡಿಮೆಯಾಗುವುದರಲ್ಲಿ ಮಾತ್ರ ಮೊದಲಿನವರಿಗೆ ಲಾಭ. ಎಡಭಾಗದ ಮುಖ್ಯ ನಾಳ ಕಟ್ಟಿಕೊಂಡವರು, ಹೃದಯ ತೀರಾ ದುರ್ಬಲವಾದವರು ಇದರಲ್ಲಿರಲಿಲ್ಲ. ಅಂದರೆ ರಿಪೋರ್ಟ್ ಕೈಗೆ ಬಂದ ಸಂಜೆಯೇ ನಿರ್ಧಾರ ಮಾಡಬೇಕಾದ ಧಾವಂತ ಹೆಚ್ಚಿನವರಿಗೆ ಇರುವುದಿಲ್ಲ. ಎರಡನೇ ಅಭಿಪ್ರಾಯ ಕೇಳಿ.

ಎಲ್ಲಿ ಮಾಡಿಸುವುದು?

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಈ ವಿಷಯದಲ್ಲಿ ಮುಂಬೈ ಪುಣ್ಯವಂತ ಊರು: ಭಾಭಾ ಅಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ರೇಡಿಯೇಶನ್ ಮೆಡಿಸಿನ್ ಸೆಂಟರ್ 1963ರಿಂದ ಪರೇಲಿನಲ್ಲಿದೆ, ದೇಶದ ಆಸ್ಪತ್ರೆಗಳಿಗೆ ಇಂಥ ವಿಕಿರಣ ಔಷಧ ಒದಗಿಸುವ ಬ್ರಿಟ್ ಸಂಸ್ಥೆ ವಾಶಿಯಲ್ಲಿದೆ, ಪರವಾನಗಿ ಕೊಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅಣುಶಕ್ತಿನಗರದಲ್ಲಿದೆ. ಸ್ಪೆಕ್ಟ್, ಪೆಟ್ ಕೇಂದ್ರಕ್ಕೆ ಆ ಮಂಡಳಿಯ ಪರವಾನಗಿ ಇರಲೇಬೇಕು.

ನೀವು ನೋಡಬೇಕಾದದ್ದು ಕೋಣೆಯನ್ನು. ಸ್ಟ್ರೆಸ್ ಮಾಡುವಾಗ ಡಾಕ್ಟರು ಅಲ್ಲೇ ಇರುತ್ತಾರಾ, ಫೋನಿನಲ್ಲಾ? ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ), ಆಕ್ಸಿಜನ್ ಕೈಗೆಟಕುವ ಹಾಗಿವೆಯಾ? ಐಸಿಯು ಅದೇ ಕಟ್ಟಡದಲ್ಲಿದೆಯಾ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ? ಗಟ್ಟಿಮುಟ್ಟಾದ ಅರವತ್ತರವರಿಗೆ ಬೀದಿ ಬದಿಯ ಡಯಾಗ್ನಾಸ್ಟಿಕ್ ಸೆಂಟರ್ ಆದೀತು. ಎಂಬತ್ತು ದಾಟಿದವರಿಗೆ, ಹೃದಯ ದುರ್ಬಲ ಇರುವವರಿಗೆ ನಾಲ್ಕು ಕಾಸು ಉಳಿಯುತ್ತದೆಂದು ಐಸಿಯು ಇಲ್ಲದ ಜಾಗಕ್ಕೆ ಹೋಗುವುದು ಬೇಡ.

ಟೆಸ್ಟ್ ಮುಗಿದ ಮೇಲೆ?

ಸೂಜಿ ತೆಗೆದ ಮೇಲೆ ಕಾಲು ಗಂಟೆಯಾದರೂ ಕೂತು ಬಿಪಿ ನೋಡಿಸಿಕೊಂಡು ಏಳಿ. ನಿಲ್ಲಿಸಿದ ಮಾತ್ರೆಗಳನ್ನು ಯಾವಾಗ ಮತ್ತೆ ಶುರುಮಾಡಬೇಕು ಎಂದು ಬರೆಸಿಕೊಳ್ಳಿ. ಹೆಚ್ಚಿನವರು ಇದನ್ನೇ ಮರೆತು ರಿಪೋರ್ಟ್ ಬರುವ ತನಕ ಬೀಟಾ ಬ್ಲಾಕರ್ ಇಲ್ಲದೆ ಇರುತ್ತಾರೆ. ಸಂಜೆಯ ಗರ್ದಿಯ ಲೋಕಲ್ ಬೇಡ. ಸಂಜೆ ಅಥವಾ ರಾತ್ರಿ ಎದೆನೋವು, ಬೆವರು, ಉಸಿರಾಟದ ಕಷ್ಟ, ಮೂರ್ಛೆ ಕಂಡರೆ ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡುತ್ತ ಕೂರದೆ 108ಕ್ಕೆ ಕರೆಮಾಡಿ, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಅಂದು ಏನು ಟೆಸ್ಟ್ ಆಯಿತು, ಯಾವ ಔಷಧ ಕೊಟ್ಟರು ಎಂಬ ಚೀಟಿ ಕೈಯಲ್ಲಿರಲಿ.